ದೊಡ್ಡಪ್ಪನ ಕೆನ್ನೆ

ನಮ್ಮ ಉದ್ಯಾನ ಚಿಕ್ಕದು. ‘ರಾಷ್ಟ್ರೀಯ ಉದ್ಯಾನ’ ಎಂದು ಗೇಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾರೆ. ಆ ಫಲಕದ ಕೆಳಗೆ ನಿಂತರೆ ಆಚೆ ಕಡೆಯ ಬೇಲಿ ಕಾಣುತ್ತದೆ. ಹುಲಿ, ಚಿರತೆ ಇಲ್ಲ. ಮೊಲ ಇದೆ ಎಂದು ಟಿಕೆಟ್ ಕೊಡುವ ಅಕ್ಕ ಹೇಳುತ್ತಾಳೆ. ಬೇರೆ ಯಾರೂ ನೋಡಿಲ್ಲ. ಇರುವುದು ಒಂದು ಕಲ್ಲು.

ಕಲ್ಲು ಎಂದರೆ ದೊಡ್ಡ ಕಟ್ಟಡದಷ್ಟು ಎತ್ತರದ, ಬೂದುಗಪ್ಪು ಬಣ್ಣದ ಗೋಪುರ. ಬಹಳ ಹಿಂದೆ ಅಲ್ಲೊಂದು ಜ್ವಾಲಾಮುಖಿ ಇತ್ತು. ಅದು ಆರಿದಾಗ ಗಂಟಲಲ್ಲಿ ಉಳಿದ ಲಾವಾ ಹೆಪ್ಪುಗಟ್ಟಿ ಕಲ್ಲಾಯಿತು. ಸುತ್ತಲಿನ ಬೆಟ್ಟ ಗಾಳಿಮಳೆಗೆ ಸವೆದು ಹೋಯಿತು, ಗಂಟಲು ನಿಂತಿತು. ಇದನ್ನು ಮೊದಲ ಸಲ ಅತ್ತೆಗೆ ವಿವರಿಸಿದಾಗ ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಮಾವನ ಥರ ಅನ್ನು. ಮೈಯೆಲ್ಲ ಸವೆದುಹೋದ್ರೂ ಗಂಟಲು ಮಾತ್ರ ಕೊನೇ ತನಕ ಹಾಗೇ ಇತ್ತು.”

ಲಾವಾ ತಣ್ಣಗಾಗುವಾಗ ಕುಗ್ಗಿ, ಆರು ಮೂಲೆಯ ಉದ್ದುದ್ದ ಕಂಬಗಳಾಗಿ ಬಿರಿದುಕೊಂಡಿದೆ. ಇಲಾಖೆಯ ನಕ್ಷೆಯಲ್ಲಿ ಕಂಬಗಳಿಗೆ ಸಂಖ್ಯೆಗಳಿವೆ. ಅವು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ದಾರಿಯ ಪಕ್ಕದಲ್ಲಿರುವವರನ್ನು ಅಜ್ಜ, ಅಜ್ಜಿ, ಚಿಕ್ಕಮ್ಮ ಎನ್ನುತ್ತೇವೆ. ಯಾವಾಗಲೂ ಒಂದು ಕಡೆಗೆ ವಾಲಿಕೊಂಡು ಕೆಲಸ ತಪ್ಪಿಸುವವನ ಹಾಗೆ ನಿಂತದ್ದು ಭಾವ. ಎಲ್ಲರಿಗಿಂತ ದಪ್ಪ, ಎಲ್ಲರಿಗಿಂತ ಮುಂದೆ ಇರುವವರು ದೊಡ್ಡಪ್ಪ. ಅವರಿಗೆ ಮಾತ್ರ ಬಹುವಚನ.

ಕಂಬಗಳ ಬುಡದಲ್ಲೇ ಸುತ್ತು ದಾರಿ. ಜನ ಬರುವುದು ಆ ದಾರಿಯಲ್ಲಿ ನಡೆಯಲಿಕ್ಕೆ. ಅದಕ್ಕೇ ಬೆಳಿಗ್ಗೆ ಗೇಟು ತೆರೆಯುವ ಮೊದಲು ಒಂದೊಂದು ಕಂಬವನ್ನೂ ತಟ್ಟಿ ನೋಡಬೇಕು. ಈ ಕೆಲಸಕ್ಕೆ ಇಬ್ಬರು. ಒಬ್ಬರು ಮರದ ಕೊಡತಿಯಿಂದ ತಟ್ಟುತ್ತಾರೆ. ಪ್ರತಿ ಕಂಬದ ಮೇಲೂ ಎದೆಯೆತ್ತರಕ್ಕೆ ಒಂದು ಸುಣ್ಣದ ಬೊಟ್ಟು ಇದೆ, ಅಲ್ಲೇ ತಟ್ಟಬೇಕು. ಇನ್ನೊಬ್ಬರು ದಾರಿಯ ಆಚೆ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತು ಕೇಳುತ್ತಾರೆ. ಯಾವ ಕಂಬ ಎಂದು ಕಣ್ಣಿಗೆ ಕಂಡರೆ ಕಿವಿ ಮುಲಾಜಿಗೆ ಬೀಳುತ್ತದಂತೆ. ಕಂಬ ಭದ್ರವಾಗಿದ್ದರೆ ದನಿ ಒಳಗಿಂದ ಬರುತ್ತದೆ, ‘ಗಟ್ಟಿ’ ಎಂದು ಕೂಗಬೇಕು. ಎಲ್ಲಾದರೂ ಬಿಟ್ಟುಕೊಂಡಿದ್ದರೆ ದನಿ ಅಲ್ಲೇ ಸಾಯುತ್ತದೆ, ‘ಟೊಳ್ಳು’ ಎನ್ನಬೇಕು. ಟೊಳ್ಳು ಎಂದರೆ ದಾರಿ ಬಂದ್.

ತಟ್ಟುವವರು ಕೊಡತಿಯಣ್ಣ. ಮನೆಯಲ್ಲಿ ಅವರಿಗೆ ಬೇರೆ ಹೆಸರು ಇರಬಹುದು. ಕೇಳುತ್ತಿದ್ದವರು ನಿವೃತ್ತರಾಗಿದ್ದರು. ಕಡೆಯ ಕೆಲವು ವರ್ಷ ಅವರ ಕಿವಿ ಮಂದವಾಗಿತ್ತು ಎಂಬುದು ಬೀಳ್ಕೊಡುಗೆಯ ದಿನ ಬಯಲಾಯಿತು. ಸಾಹೇಬರು ಅವರನ್ನು ಹೊಗಳಿ ಭಾಷಣ ಮಾಡುತ್ತಿದ್ದರೆ ಅವರು ಪಕ್ಕದಲ್ಲಿದ್ದ ಟಿಕೆಟ್ ಅಕ್ಕನನ್ನು, “ಯಾರ ಬಗ್ಗೆ ಹೇಳ್ತಿದಾರೆ? ಸತ್ತುಹೋದ್ರಾ?” ಎಂದು ಕೇಳಿದರಂತೆ.

ಅವರ ಜಾಗಕ್ಕೆ ನಾನು ಅರ್ಜಿ ಹಾಕಲಿಲ್ಲ. ಹಾಕಿದ್ದು ಅತ್ತೆ.

“ಭೂವಿಜ್ಞಾನ ಓದಿದ್ದೀಯ. ಕಲ್ಲು ಕೇಳೋಕೆ ನಿನಗಿಂತ ಯಾರು ಬೇಕು ಅವರಿಗೆ?”

“ನಾನು ಓದಿದ್ದು ಕಲ್ಲು ನೋಡೋದು ಅತ್ತೆ. ಕೇಳೋದಲ್ಲ.”

“ನೋಡಿದ್ಮೇಲೆ ಕೇಳ್ಲೇಬೇಕಾಗುತ್ತೆ. ನೀನು ನನ್ನ ಮಗನ್ನ ನೋಡಿ ಒಪ್ಕೊಂಡೆ. ಆಮೇಲೆ ಅವನ ಗೊರಕೆ ಕೇಳ್ಲಿಲ್ವ?”

ಅವರ ಮಗ ತೀರಿಹೋಗಿ ಆಗ ಒಂದು ಚಳಿಗಾಲ ಕಳೆದಿತ್ತು. ಅತ್ತೆ ಅವನ ಮಾತನ್ನು ಹೀಗೇ ಆಡುತ್ತಿದ್ದರು, ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ ಎಂಬ ಹಾಗೆ. ನಾನು ಆಡುತ್ತಿರಲಿಲ್ಲ. ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ. ಅರ್ಜಿಗೂ ಹೂಂ ಎಂದೆ. “ಆ ಕೆಲಸ ಖಾಯಂ ಆದ್ರೆ ಸರಿ. ಇಲ್ಲಾಂದ್ರೆ ನಾನೇ ಬಂದು ಕರ್ಕೊಂಡು ಬರ್ತೀನಿ, ಇಲ್ಲಿ ಕಾಲೇಜಲ್ಲಿ ಪಾಠ ಮಾಡು” ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ಅದಕ್ಕೂ ಹೂಂ ಎಂದೆ. ಅತ್ತೆಯೂ ಅದೇ ಸರಿ ಎಂದರು. ಎಂದ ಮೇಲೆ, ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು ಮತ್ತೆ ತೊಳೆದರು. ಆ ಸದ್ದು ಕೇಳುತ್ತಾ ಕೂತಾಗ ನನಗೆ ಅಣ್ಣನ ಊರಿಗೆ ಹೋಗುವ ಮನಸ್ಸಿಲ್ಲ ಎಂದು ಗೊತ್ತಾಯಿತು. ಈ ಮನೆ ಬಿಡುವ ಮನಸ್ಸಿಲ್ಲ. ಆದರೆ ಹೂಂ ಎಂದಾಗಿತ್ತು.

ಖಾಯಂ ಆಗಬೇಕಾದರೆ ಸಾಹೇಬರ ಎದುರು ಪರೀಕ್ಷೆ ಪಾಸಾಗಬೇಕು. ಅದಕ್ಕೆ ಮೊದಲು ಕೊಡತಿಯಣ್ಣನ ಹತ್ತಿರ ಪಾಠ. ದಾರಿಯ ಪಕ್ಕದಲ್ಲೇ ಯಾವಾಗಲೋ ಉರುಳಿದ ಕಂಬಗಳಿದ್ದವು. ಅವರು ಒಮ್ಮೆ ಅವುಗಳಲ್ಲೊಂದನ್ನು, ಒಮ್ಮೆ ನಿಂತ ಕಂಬವನ್ನು ತಟ್ಟಿ ವ್ಯತ್ಯಾಸ ಕೇಳಿಸುತ್ತಿದ್ದರು. ನನಗೆ ಎಲ್ಲವೂ ಒಂದೇ ಥರ, ದೂರದಲ್ಲಿ ಯಾರದೋ ಮನೆಯಲ್ಲಿ ಆದ ಸದ್ದಿನ ಹಾಗೆ ಇತ್ತು.

“ಇದು ಟೊಳ್ಳು. ಗೊತ್ತಾಯ್ತಾ?”

“ಗೊತ್ತಾಯ್ತು.”

“ಸುಳ್ಳು ಹೇಳ್ಬೇಡ ತಂಗಿ. ನಿನ್ನ ನೋಡಿದ್ರೆ ಗೊತ್ತಾಗುತ್ತೆ.”

“ನಾನು ಬೆನ್ನು ತಿರುಗಿಸಿದ್ದೀನಲ್ಲ ಅಣ್ಣ.”

“ಬೆನ್ನಲ್ಲೇ ಗೊತ್ತಾಗುತ್ತೆ.”

ಇದನ್ನು ಮನೆಯಲ್ಲಿ ಹೇಳಿದ್ದು ತಪ್ಪಾಯಿತು. ಅತ್ತೆ ಸೌಟು ಹಿಡಿದುಕೊಂಡರು. ನಾನು ಕಿಟಕಿಯ ಕಡೆ ಮುಖ ಮಾಡಿ ನಿಲ್ಲಬೇಕು, ಅವರು ಅಡಿಗೆಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ತಟ್ಟಬೇಕು. ಸಕ್ಕರೆ ಡಬ್ಬಿ, ನೀರಿನ ಡ್ರಮ್ಮು, ಗ್ಯಾಸ್ ಸಿಲಿಂಡರ್. ತುಂಬಿದೆಯೋ ಖಾಲಿಯೋ ನಾನು ಹೇಳಬೇಕು. ಮೊದಲ ವಾರ ಬಾಯಿಗೆ ಬಂದದ್ದು ಹೇಳಿದೆ. ಸಿಲಿಂಡರ್ ತುಂಬಿದೆ ಎಂದೆ, ಮರುದಿನ ಅಡಿಗೆ ಅರ್ಧಕ್ಕೆ ನಿಂತಿತು. ಮೇಲಿನ ಮನೆಯವರು ಇಳಿದು ಬಂದು, “ಏನ್ ನಡೀತಿದೆ ಇಲ್ಲಿ?” ಎಂದು ಕೇಳಿದರು.

“ನನ್ನ ಸೊಸೆ ಓದ್ಕೊಳ್ತಿದಾಳೆ” ಎಂದರು ಅತ್ತೆ.

ನಿಧಾನವಾಗಿ ಸದ್ದುಗಳು ಬೇರೆಬೇರೆಯಾದವು. ಯಾವ ದಿನದಿಂದ ಎಂದು ಹೇಳಲಾರೆ. ಒಂದು ಸಂಜೆ ಅತ್ತೆ ತಟ್ಟುವ ಮೊದಲೇ, ಅವರು ಡಬ್ಬಿಯ ಮುಚ್ಚಳ ಎತ್ತಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡದ್ದು ಕೇಳಿಸಿತು. “ಬೆಲ್ಲ” ಎಂದೆ. ಅವರಿಗೆ ಬೆಲ್ಲ ತಿನ್ನಬಾರದು ಎಂದು ಡಾಕ್ಟರು ಹೇಳಿದ್ದರು. “ಇಷ್ಟು ಕೇಳಿದ್ರೆ ಸಾಕು, ಇನ್ನು ಕಲೀಬೇಡ” ಎಂದರು.

ಪರೀಕ್ಷೆಯ ದಿನ ಸಾಹೇಬರು ಹೆಲ್ಮೆಟ್ ಹಾಕಿಕೊಂಡು ಬಂದರು. ಅವರು ಕಚೇರಿಯೊಳಗೂ ಹೆಲ್ಮೆಟ್ ತೆಗೆಯುವುದಿಲ್ಲ. ಒಳ್ಳೆಯವರು, ಹೊಸಬರು. ತಮ್ಮ ಕಾಲದಲ್ಲಿ ಒಂದು ಕಲ್ಲೂ ಯಾರ ತಲೆಯ ಮೇಲೂ ಬೀಳಬಾರದು ಎಂಬುದೊಂದೇ ಅವರ ಆಸೆ. ಕೈಯಲ್ಲಿ ಒಂದು ಹಾಳೆ ಹಿಡಿದು ದಾರಿಯಲ್ಲಿ ನಿಂತರು. ನಾನು ಬೆನ್ನು ತಿರುಗಿಸಿದೆ. ಕೊಡತಿಯಣ್ಣ ತಮಗೆ ತೋಚಿದ ಕ್ರಮದಲ್ಲಿ ತಟ್ಟುತ್ತಾ ಹೋದರು.

ದನಿ ಕಲ್ಲಿನೊಳಗಿಂದ ಬಂತು. “ಗಟ್ಟಿ” ಎಂದೆ. ಇನ್ನೊಂದು ಬಂತು. “ಗಟ್ಟಿ.” ಹಾಗೇ ಇನ್ನಷ್ಟು. ನಡುವೆ ಅವರು ಮೋಸಕ್ಕೆಂದು ಉರುಳಿದ ಕಂಬವನ್ನೂ ತಟ್ಟಿದರು; ಅದನ್ನು ಹಿಡಿದೆ. ಸಾಹೇಬರು “ಭೇಷ್” ಎಂದರು. ಆಮೇಲೆ ಒಂದು ದನಿ ಬಂತು, ಬಂದಲ್ಲೇ ಬಿತ್ತು.

“ಟೊಳ್ಳು” ಎಂದೆ.

“ಇನ್ನೊಂದ್ಸಲ ಕೇಳು” ಎಂದರು ಕೊಡತಿಯಣ್ಣ. ತಟ್ಟಿದರು.

“ಟೊಳ್ಳು.”

“ತಂಗಿ, ಇವರು ದೊಡ್ಡಪ್ಪ.”

“ಯಾರು ಅಂತ ನಾನು ನೋಡಿಲ್ಲ ಅಣ್ಣ. ಟೊಳ್ಳು.”

“ಹುಟ್ಟಿದಾಗಿಂದ ಗಟ್ಟಿಯಾಗಿರೋರಪ್ಪ ಇವ್ರು!”

“ಅವರು ಹುಟ್ಟಿದಾಗ ನೀವಿದ್ರಾ?” ಎಂದು ಸಾಹೇಬರು ಕೇಳಿದರು. ತಮಾಷೆಗಲ್ಲ. ಅವರಿಗೆ ಗಾಬರಿಯಾಗಿತ್ತು.

ನಾನು ತಿರುಗಿ ನೋಡಿದೆ. ಕೊಡತಿಯಣ್ಣ ದೊಡ್ಡಪ್ಪನ ಮೈಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ನಿಂತಿದ್ದರು. ದಾರಿಗೆ ಹಗ್ಗ ಕಟ್ಟಿಸಿದ ಮೇಲೆ ಸಾಹೇಬರು ನನ್ನನ್ನು ಕಚೇರಿಗೆ ಕರೆದರು.

“ನಾಡಿದ್ದು ಮುಖ್ಯ ಕಚೇರಿಯಿಂದ ಎಂಜಿನಿಯರ್ ಬರ್ತಾರೆ. ಟೊಳ್ಳು ಅನ್ನೋದು ನಿಜ ಆದ್ರೆ ಕಂಬ ಇಳಿಸಲೇಬೇಕು, ದಾರಿ ಪಕ್ಕದಲ್ಲಿ ಬಿಡೋ ಹಾಗಿಲ್ಲ. ನಿಜ ಅಲ್ಲ ಅಂದ್ರೆ, ಇಲ್ಲದ ಟೊಳ್ಳು ಕೇಳಿಸಿಕೊಳ್ಳೋರನ್ನ ನಾನು ಈ ಕೆಲಸದಲ್ಲಿ ಇಟ್ಕೊಳ್ಳೋಕಾಗಲ್ಲ. ತಪ್ಪು ತಿಳ್ಕೋಬೇಡಿ.”

ತಪ್ಪು ತಿಳಿದುಕೊಳ್ಳಲಿಲ್ಲ. ದೊಡ್ಡಪ್ಪ ಹೋಗಬೇಕು, ಇಲ್ಲವೇ ನಾನು ಹೋಗಬೇಕು. ಹೊರಗೆ ಟಿಕೆಟ್ ಅಕ್ಕ ಬಂದವರನ್ನೆಲ್ಲ ಹಿಂದಕ್ಕೆ ಕಳಿಸುತ್ತಿದ್ದಳು. “ಇವತ್ತಿಲ್ಲ, ದೊಡ್ಡಪ್ಪನಿಗೆ ಹುಷಾರಿಲ್ಲ” ಎನ್ನುತ್ತಿದ್ದಳು. ಒಬ್ಬರು ಮುದುಕರು ಟೋಪಿ ತೆಗೆದು, “ಬೇಗ ಗುಣವಾಗ್ಲಿ ಅಂತ ಹೇಳಮ್ಮ” ಎಂದು ಹೋದರು. ಕೊಡತಿಯಣ್ಣ ನನ್ನನ್ನು ಮಾತಾಡಿಸದೆ ಸೈಕಲ್ ಹತ್ತಿದರು.

ಸಂಜೆ ಎಲ್ಲವನ್ನೂ ಅತ್ತೆಗೆ ಹೇಳಿದೆ. ಅವರು ಸೌಟು ತೆಗೆದುಕೊಂಡರು.

“ನಿನ್ನ ಕಿವಿಗೆ ಏನಾಗಿದೆ ನೋಡೇಬಿಡ್ತೀನಿ. ತಿರುಗು ಆ ಕಡೆ.”

“ಬೇಡ ಅತ್ತೆ.”

“ತಿರುಗು ಅಂದ್ನಲ್ಲ.”

ಡಬ್ಬಿಗಳು ಸರಿಯಾದವು. ಡ್ರಮ್ಮು ಸರಿಯಾಯಿತು. ಮಂಚ, ಬೀರು, ಬಾಗಿಲು, ಸಿಟ್ಟಿನಲ್ಲಿ ಅವರು ಮನೆಯನ್ನೆಲ್ಲ ಬಡಿಯುತ್ತಾ ಹಜಾರಕ್ಕೆ ಬಂದರು. ಗೋಡೆಗೂ ಒಂದು ಕೊಟ್ಟರು.

“ಟೊಳ್ಳು” ಎಂದೆ.

“ಏನು ಟೊಳ್ಳು? ಇದು ಗೋಡೆ ಕಣೇ! ನಿಮ್ಮ ಮಾವ ಮುಂದೆ ನಿಂತು ಕಟ್ಟಿಸಿದ್ದು.”

“ಟೊಳ್ಳೇ ಅತ್ತೆ.”

“ಅವರ ಮುಂದೆ ಹೇಳ್ಬೇಕಿತ್ತು ಈ ಮಾತನ್ನ.”

ಅವರ ಕೈಯಿಂದ ಸೌಟು ತೆಗೆದುಕೊಂಡು ನಾನೇ ತಟ್ಟಿದೆ. ಟೊಳ್ಳು. ಒಂದು ಗೇಣು ಪಕ್ಕಕ್ಕೆ ತಟ್ಟಿದೆ. ಗಟ್ಟಿ. ಮೇಲೆ ಗಟ್ಟಿ, ಕೆಳಗೆ ಗಟ್ಟಿ. ನಡುವೆ ಒಂದು ತಟ್ಟೆಯಷ್ಟು ಜಾಗ ಮಾತ್ರ ಟೊಳ್ಳು. ಅತ್ತೆ ಉಗುರು ಹಾಕಿ ಎಬ್ಬಿಸಿದರು. ಗಾರೆ ಹಕ್ಕಳೆಯಾಗಿ ಅವರ ಕೈಗೆ ಬಂತು. ಹಿಂದೆ ಇಟ್ಟಿಗೆ ಇಟ್ಟ ಹಾಗೇ ಇತ್ತು.

“ನೋಡಿದ್ಯಾ, ಗೋಡೆಗೇನೂ ಆಗಿಲ್ಲ. ಗಾರೆ ಬಿಟ್ಕೊಂಡಿದೆ ಅಷ್ಟೆ. ಬಾಗಿಲಿನ ಹಿಡಿ ಬಂದು ದಿನಾ ಅಲ್ಲೇ ಗುದ್ದುತ್ತೆ. ನಿನ್ನ ಗಂಡನಿಗೆ ಎಷ್ಟು ಸಲ ಹೇಳಿದ್ದೆ, ನಿಧಾನಕ್ಕೆ ತೆಗಿಯೋ ಅಂತ.”

ನಾನು ಆ ಗಾರೆಯ ಹಕ್ಕಳೆಯನ್ನು ನೋಡುತ್ತಾ ನಿಂತೆ. ದಿನಾ ಅಲ್ಲೇ. ಅದೇ ಜಾಗಕ್ಕೆ. ಆಮೇಲೆ ನಗು ಬಂತು. ಜೋರಾಗಿಯೇ ಬಂತು.

“ಗೋಡೆ ಒಡೆದಿದ್ದಕ್ಕೆ ನಗ್ತಾರೇನೇ?” ಎಂದರು ಅತ್ತೆ. ಅವರ ಮುಖವೂ ಸಡಿಲವಾಗಿತ್ತು.

ಮರುದಿನ ನಾನು ಹೋದಾಗ ಕೊಡತಿಯಣ್ಣ ಆಗಲೇ ಹಗ್ಗದ ಒಳಗೆ, ದೊಡ್ಡಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

“ಅಣ್ಣ, ಒಂದ್ಸಲ ಬೊಟ್ಟಿನ ಮೇಲೆ ಬಿಟ್ಟು ಬೇರೆ ಕಡೆ ತಟ್ಟಿ.”

“ಬೊಟ್ಟಿನ ಮೇಲೇ ತಟ್ಟೋದು. ಅದಕ್ಕೇ ಬೊಟ್ಟು ಇರೋದು. ಇವತ್ತು ಇಲ್ಲಿ, ನಾಳೆ ಅಲ್ಲಿ ತಟ್ಟಿದ್ರೆ ನಿನ್ನೆಯ ದನಿಗೂ ಇವತ್ತಿನ ದನಿಗೂ ತಾಳೆ ನೋಡೋದು ಹೇಗೆ?”

“ಆ ಬೊಟ್ಟು ಯಾವಾಗಿನದು?”

“ನನಗೆ ಕೆಲಸ ಕಲಿಸಿದವರು ಇಟ್ಟಿದ್ದು. ವರ್ಷಕ್ಕೊಂದ್ಸಲ ಸುಣ್ಣ ಬಳೀತೀನಿ. ಜಾಗ ಕೂದಲಷ್ಟೂ ಆಚೀಚೆ ಆಗಿಲ್ಲ.” ಇಷ್ಟು ಹೇಳಿ ಅವರು ನನ್ನನ್ನು ನೋಡಿದರು, ಬೊಟ್ಟನ್ನು ನೋಡಿದರು. “ಏನು ಹೇಳ್ಬೇಕು ಅಂತಿದ್ದೀಯ ನೀನು?”

“ಒಂದು ಗೇಣು ಪಕ್ಕಕ್ಕೆ. ಅಷ್ಟೆ.”

ಅವರು ಎದ್ದರು. ಕೊಡತಿಯನ್ನು ಎರಡು ಸಲ ಎತ್ತಿ ಇಳಿಸಿದರು. ಮೂರನೆಯ ಸಲ ತಟ್ಟಿದರು.

ದೊಡ್ಡಪ್ಪ ದನಿ ಕೊಟ್ಟರು. ಬುಡದಿಂದ ತುದಿಯವರೆಗೆ ಹೋಗಿ ಅಲ್ಲೊಂದಿಷ್ಟು ಹೊತ್ತು ನಿಂತ ದನಿ. ಎಲ್ಲಿದ್ದವೋ, ಪಾರಿವಾಳಗಳು ಮೇಲಿನಿಂದ ಹಾರಿದವು. ಸಾಹೇಬರು ಹೆಲ್ಮೆಟ್ ಹಿಡಿದುಕೊಂಡು ಕಚೇರಿಯಿಂದ ಓಡಿ ಬಂದರು. “ಬಿತ್ತಾ? ಬಿತ್ತಾ?”

“ಇಲ್ಲ ಸಾರ್, ಎದ್ರು” ಎಂದರು ಕೊಡತಿಯಣ್ಣ.

ಬೊಟ್ಟಿನ ಸುತ್ತ ತಟ್ಟುತ್ತಾ ಹೋದೆವು. ಎಲ್ಲಿ ಟೊಳ್ಳು ಮುಗಿದು ಗಟ್ಟಿ ಶುರುವಾಗುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ಗೆರೆ ಕೂಡಿಕೊಂಡಾಗ ಅದೊಂದು ತಟ್ಟೆಯಷ್ಟಾಯಿತು. ಕೊಡತಿಯಣ್ಣ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಮೀಟಿದರು. ಬೆರಳಿನಷ್ಟು ದಪ್ಪದ ಒಂದು ಚಕ್ಕೆ, ಬೊಟ್ಟಿನ ಸಮೇತ, ಅವರ ಅಂಗೈಗೆ ಜಾರಿತು. ಅದರ ಹಿಂದೆ ಗಾಳಿ ಬಿಸಿಲು ಕಾಣದ ಹೊಸ ಕಲ್ಲು, ಕಪ್ಪಗೆ ಹೊಳೆಯುತ್ತಿತ್ತು.

ಬಿಸಿಲಿಗೆ ಮೇಲುಮೈ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಕೂದಲೆಳೆ ಬಿರುಕಿಗೆ ನೀರು ಇಳಿಯುತ್ತದೆ, ಇದರ ಜೊತೆಗೆ ಅದೇ ಜಾಗಕ್ಕೆ ದಿನಾ ಪೆಟ್ಟು ಎಂದು ನಾನು ಸಾಹೇಬರಿಗೆ ವಿವರಿಸಿದೆ. ಕೊಡತಿಯಣ್ಣ ಕೇಳುತ್ತಿರಲಿಲ್ಲ. ಚಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಆರೋಗ್ಯ ಹೇಗಿದೆ ಅಂತ ಕೇಳೋಕೆ ದಿನಾ ಹೋಗಿ ಕೆನ್ನೆಗೆ ಬಾರಿಸಿದ ಹಾಗಾಯ್ತಲ್ಲ” ಎಂದರು. “ಎಷ್ಟು ವರ್ಷ! ಒಂದಿನ ಆದ್ರೂ ಸಾಕು ಮಾಡೋ ಅಂತ ಹೇಳ್ಬಾರದಾ ಇವ್ರು?”

“ಹೇಳ್ತಾನೇ ಇದ್ರು ಅನ್ಸುತ್ತೆ. ಕೇಳೋರ ಕಿವಿ ಮಂದ ಇತ್ತು” ಎಂದಳು ಟಿಕೆಟ್ ಅಕ್ಕ. ಅವಳು ಯಾವಾಗ ಬಂದಿದ್ದಳೋ.

“ನನ್ನ ಕಿವಿ ಸರಿಯಾಗಿತ್ತಲ್ಲೇ!”

“ನಿಮಗೆ ದಿನಾ ಒಂದೊಂದು ಚೂರೇ ಬದಲಾಗ್ತಿತ್ತು ಅಣ್ಣ, ಗೊತ್ತಾಗ್ಲಿಲ್ಲ. ನಾನು ಹೊಸಬಳು” ಎಂದೆ.

ಸಾಹೇಬರು ಪರೀಕ್ಷೆಯ ಹಾಳೆ ತಂದಿದ್ದರು. ಅವರದೇ ಒಂದು ಸಂಕಟ.

“ಹಾಗಾದ್ರೆ ನಿನ್ನೆ ನೀವು ಟೊಳ್ಳು ಅಂದಿದ್ದು ಸರಿನೋ ತಪ್ಪೋ?”

“ಬೊಟ್ಟು ಟೊಳ್ಳು ಸಾರ್. ದೊಡ್ಡಪ್ಪ ಗಟ್ಟಿ.”

“ಹಾಗೆ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲಮ್ಮ. ಸರಿ, ತಪ್ಪು, ಎರಡೇ ಮನೆ.”

“ಸರಿ ಅಂತ ಬರೀರಿ ಸಾರ್” ಎಂದರು ಕೊಡತಿಯಣ್ಣ. “ನಾನು ತಟ್ಟಿದ್ದು ಬೊಟ್ಟಿಗೆ. ಅವಳು ಹೇಳಿದ್ದು ಬೊಟ್ಟಿನ ಸಮಾಚಾರ. ನೀವು ತಪ್ಪು ಅಂತ ಬರೆದ್ರೆ ನಾಳೆಯಿಂದ ನಾನು ತಟ್ಟೋದೂ ಇಲ್ಲ.”

ಸಾಹೇಬರು ಹೆಲ್ಮೆಟ್ ತೆಗೆದರು. ಅವರ ತಲೆಯಲ್ಲಿ ಅಷ್ಟು ಕೂದಲಿದೆ ಎಂದು ನಮಗೆ ಗೊತ್ತಿರಲಿಲ್ಲ. ಸ್ವಲ್ಪ ಯೋಚಿಸಿ, “ಉಳಿದವರ ಬೊಟ್ಟುಗಳು?” ಎಂದು ಕೇಳಿದರು. “ಎಲ್ಲರದ್ದೂ ನೋಡಿ ಮುಗಿಸಿ. ದಾರಿ ತೆರೆಯೋ ಹಾಗಾದ್ರೆ ಇವತ್ತೇ ಸಹಿ ಹಾಕ್ತೀನಿ. ಎಂಜಿನಿಯರಿಗೆ ಏನು ಹೇಳೋದು ಅಂತ ಆಮೇಲೆ ನೋಡೋಣ.”

ಮಧ್ಯಾಹ್ನದವರೆಗೆ ಅದೇ ಕೆಲಸ. ಕೊಡತಿಯಣ್ಣ ತಟ್ಟುವುದು, ನಾನು ಬೆನ್ನು ತಿರುಗಿಸಿ ಹೇಳುವುದು. ಅಜ್ಜಿಯ ಬೊಟ್ಟಿನ ಕೆಳಗೂ ಒಂದು ಚಕ್ಕೆ ಬಿಟ್ಟುಕೊಂಡಿತ್ತು. ಚಿಕ್ಕಮ್ಮನದು ಇನ್ನೂ ಶುರುವಾಗುತ್ತಿತ್ತು. ಭಾವನಿಗೆ ಏನೂ ಆಗಿರಲಿಲ್ಲ. “ಇವನು ಪೆಟ್ಟು ಬಂದಾಗೆಲ್ಲ ವಾಲಿಕೊಂಡು ತಪ್ಪಿಸ್ಕೊಂಡಿದಾನೆ” ಎಂದರು ಕೊಡತಿಯಣ್ಣ. ಹಗ್ಗದ ಆಚೆ ಜನ ಸೇರಿದರು. ಟಿಕೆಟ್ ಅಕ್ಕ ಅವರಿಗೂ ಬೆನ್ನು ತಿರುಗಿಸಿ ನಿಲ್ಲಲು ಹೇಳಿದಳು. ಪ್ರತಿ ಪೆಟ್ಟಿಗೂ ಅಲ್ಲಿಂದ ಗಟ್ಟಿ, ಟೊಳ್ಳು ಎಂಬ ಕೂಗು ಒಟ್ಟಿಗೆ ಬರುತ್ತಿತ್ತು. ಊಟದ ಡಬ್ಬಿ ಹಿಡಿದು ಬಂದ ಅತ್ತೆ ಯಾವಾಗಲೋ ಆ ಗುಂಪಿನಲ್ಲಿ ಸೇರಿಕೊಂಡಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಅವರು. ಒಂದೂ ಸರಿಯಿರಲಿಲ್ಲ.

ಕೊನೆಯ ಕಂಬ ಮುಗಿದ ಮೇಲೆ ಸಾಹೇಬರು ಹಾಳೆಯನ್ನು ದೊಡ್ಡಪ್ಪನ ಮೈಗೇ ಒರಗಿಸಿಕೊಂಡು ಸಹಿ ಹಾಕಿದರು. ಟಿಕೆಟ್ ಅಕ್ಕ ಹಗ್ಗ ಬಿಚ್ಚಿದಳು. ಜನ ನಮ್ಮನ್ನು ದಾಟಿಕೊಂಡು ದಾರಿಗೆ ಇಳಿದರು. ಕಂಬಗಳ ಕೆಳಗೆ ಅವರ ಮಾತು, ಚಪ್ಪಲಿ ಸದ್ದು, ಯಾರದೋ ಮಗುವಿನ ಅಳು. ನಾನು ಅತ್ತೆಯ ಪಕ್ಕದಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದೆ. ಹಸಿವಾಗಿತ್ತು. ಅವರು ತಮ್ಮ ಪಾಲಿನದನ್ನೂ ನನ್ನ ಕಡೆ ಸರಿಸಿದರು, ನಾನು ತಿಂದೆ.

ಸಂಜೆ ನಾನೇ ಅಣ್ಣನಿಗೆ ಫೋನ್ ಮಾಡಿದೆ. ಕೆಲಸ ಸಿಗಲಿಕ್ಕಿಲ್ಲ ಎಂಬ ಸುದ್ದಿ ಅವನಿಗೆ ಹಿಂದಿನ ದಿನವೇ ಮುಟ್ಟಿತ್ತು.

“ಭಾನುವಾರ ಬರ್ತಿದ್ದೀನಿ” ಎಂದ. “ಸಾಮಾನು ಎಷ್ಟಿದೆ? ಸಣ್ಣ ಗಾಡಿ ಸಾಕಾ?”

“ಗಾಡಿ ಬೇಡ. ಬಸ್ಸಲ್ಲಿ ಬಾ. ನಾನು ಬರಲ್ಲ ಅಣ್ಣ, ಇಲ್ಲೇ ಇರ್ತೀನಿ. ಕೆಲಸ ಖಾಯಂ ಆಯ್ತು.”

“ಅದು ಸರಿ. ಖಾಯಂ ಆಗಿದ್ರೂ, ನಿನಗೆ ಇಷ್ಟ ಇದ್ಯಾ ಅಲ್ಲಿ ಇರೋಕೆ?”

“ಇದೆ.”

ಅಡಿಗೆಮನೆಯಲ್ಲಿ ನೀರು ಬಿಟ್ಟ ಸದ್ದು ನಿಂತಿತು. ಅತ್ತೆ ಒದ್ದೆ ಕೈಯಲ್ಲೇ ಬಂದು ಫೋನು ಕಿತ್ತುಕೊಂಡರು.

“ನೋಡಪ್ಪ, ಅವಳು ಬೆಳಿಗ್ಗೆ ಬೇಗ ಏಳ್ಬೇಕು, ಡ್ಯೂಟಿ ಇದೆ. ಮಾತು ಚಿಕ್ಕದಾಗಿ ಮುಗಿಸು” ಎಂದು ಗದರಿದರು. ಹಾಗೆಂದವರು, ಕುರ್ಚಿ ಎಳೆದುಕೊಂಡು ತಾವೇ ಕೂತರು. ನಾನು ಕೋಣೆಗೆ ಹೋಗಿ ಮರುದಿನದ ಸೀರೆ ತೆಗೆದಿಟ್ಟೆ. ಹಜಾರದಲ್ಲಿ ಅತ್ತೆ ಅವನಿಗೆ ನಡೆದದ್ದನ್ನೆಲ್ಲ ಹೇಳುತ್ತಿದ್ದರು. ಕಲ್ಲಿನ ಚಕ್ಕೆ ಮೊದಲು ತಟ್ಟೆಯಷ್ಟಿತ್ತು, ಆಮೇಲೆ ಮಂಚದಷ್ಟಾಯಿತು, ಕೊನೆಗೆ ಅದನ್ನು ಇಳಿಸಲು ಹತ್ತು ಜನ ಬೇಕಾದರು. ಅಲ್ಲಿ ನೆರೆದವರಲ್ಲಿ ಸರಿಯಾಗಿ ಹೇಳಿದವರು ಇಬ್ಬರೇ ಅಂತೆ, ಸೊಸೆ ಮತ್ತು ಅತ್ತೆ.